ಹುದ್ದೆ ಕಳೆದರೂ ಕಾಯಕ ಕಳೆಯದು

2023ರ ಮೇ ತಿಂಗಳ ಒಂದು ಸೋಮವಾರ. ಬೆಳಗಿನ ಲಿಂಗಪೂಜೆಯನ್ನು ಮುಗಿಸಿ ತಗಡೂರಿನ ನಮ್ಮ ಮನೆಯ ಜಗುಲಿಗೆ ಬಂದು ಕುಳಿತಿದ್ದೆ. ಎಂಬತ್ತೆಂಟು ವರ್ಷದ ನಮ್ಮ ತಾಯಿ ಗೋಡೆಗೆ ಒರಗಿಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕೈಗೆಲಸವನ್ನು ನಿಲ್ಲಿಸದೆಯೇ ಕೇಳಿದರು:

“ಚಿಕ್ಕೋನು ಯಾಕಪ್ಪ ಸೋಮವಾರನೂ ಇಲ್ಲೇ ಅವ್ನೆ? ಕೆಲ್ಸಕ್ಕೆ ಹೋಗಕಿಲ್ವಾ?”

“ರಜ ಹಾಕವ್ನೆ ಕಣವ್ವ” ಎಂದೆ.

ಆ ಮಾತು ನಿಜವಲ್ಲವೆಂಬ ಶಂಕೆ ಅಷ್ಟು ಹೊತ್ತಿಗಾಗಲೇ ನನ್ನಲ್ಲಿ ಮೂಡಿತ್ತು. ಬೆಂಗಳೂರಿನಲ್ಲಿದ್ದ ನನ್ನ ತಮ್ಮ ಎರಡು ತಿಂಗಳಿಂದ ಊರಿಗೆ ಬರುವುದು ಹೆಚ್ಚಾಗಿತ್ತು. ಬಂದವನು ಫೋನು ಹಿಡಿದು ತೋಟದ ಕಡೆ ಹೊರಟುಬಿಡುತ್ತಿದ್ದ. ಯಾರಾದರೂ ಕೆಲಸದ ವಿಚಾರವೆತ್ತಿದರೆ ಮಾತು ಬದಲಿಸುತ್ತಿದ್ದ. ಆ ಸಂಜೆ ಪಂಪ್‌ಸೆಟ್ಟಿನ ಕೋಣೆಯ ಬಳಿ ಅವನ ಪಕ್ಕದಲ್ಲಿ ಹೋಗಿ ಕುಳಿತೆ. ನಾನು ಕೇಳುವ ಮೊದಲೇ ಅವನು ಹೇಳಿದ: “ಅಣ್ಣ, ಕೆಲಸ ಹೋಗಿ ಎರಡು ತಿಂಗಳಾಯ್ತು.”

ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಒಂದು ಕಂಪನಿಯಲ್ಲಿ ಅವನು ಹತ್ತೊಂಬತ್ತು ವರ್ಷ ದುಡಿದು ಉತ್ಪಾದನಾ ವಿಭಾಗದ ಜನರಲ್ ಮ್ಯಾನೇಜರ್ ಆಗಿದ್ದ. ವಿದೇಶದ ಒಡೆಯರು ಎರಡು ಕಾರ್ಖಾನೆಗಳನ್ನು ಒಂದುಗೂಡಿಸಿದರು. ಒಂದುಗೂಡಿದ ಕಾರ್ಖಾನೆಗೆ ಇಬ್ಬರು ಜನರಲ್ ಮ್ಯಾನೇಜರುಗಳು ಬೇಕಾಗಿರಲಿಲ್ಲ. ಮಧ್ಯಾಹ್ನ ಕರೆದು ವಿಷಯ ತಿಳಿಸಿ, ಸಂಜೆಯೊಳಗೆ ಲ್ಯಾಪ್‌ಟಾಪನ್ನು ಒಪ್ಪಿಸಿ ಹೋಗುವಂತೆ ಹೇಳಿದರಂತೆ. ಆಗ ಅವನಿಗೆ ಐವತ್ತೆರಡು ವರ್ಷ.

ಓದುಗ ಬಂಧುಗಳೇ, ಅಂದು ನನ್ನ ಮನಸ್ಸಿನಲ್ಲಿ ಮೊದಲು ಹುಟ್ಟಿದ ಭಾವ ಯಾವುದೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಅದು ಕರುಣೆಯಾಗಿರಲಿಲ್ಲ, ನಾಚಿಕೆಯಾಗಿತ್ತು. ಊರಲ್ಲಿ ಏನು ಹೇಳುವುದು, ಬೀಗರಿಗೆ ಏನು ಹೇಳುವುದು ಎಂಬ ಚಿಂತೆಯೇ ಮುಂದಾಯಿತು. ಅವನ ಹುದ್ದೆಯ ಹೆಸರನ್ನು ಮದುವೆ, ಗೃಹಪ್ರವೇಶಗಳ ಲಗ್ನಪತ್ರಿಕೆಗಳಲ್ಲಿ ಮುತುವರ್ಜಿಯಿಂದ ಅಚ್ಚು ಹಾಕಿಸಿದವನು ನಾನೇ. ಪಂಚಾಚಾರಗಳಲ್ಲಿ ಭೃತ್ಯಾಚಾರವೂ ಒಂದೆಂದು, ಶರಣನಾದವನು ತನ್ನನ್ನು ಸೇವಕನೆಂದೇ ಬಗೆಯಬೇಕೆಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನೂ ನಾನೇ.

ನಮ್ಮಂತಹ ಮನೆಗಳಲ್ಲಿ ಹುದ್ದೆಗೆ ಇಷ್ಟು ತೂಕ ಬಂದುದಕ್ಕೆ ಕಾರಣವಿಲ್ಲದೆ ಇಲ್ಲ. ನಮ್ಮ ತಂದೆಯ ಕಾಲದವರೆಗೆ ನಮ್ಮದು ಒಕ್ಕಲುತನವನ್ನೇ ನಂಬಿದ ಮನೆತನ. ಸುತ್ತೂರು ಶ್ರೀಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳವರು 1954ರಲ್ಲಿ ಜೆ.ಎಸ್.ಎಸ್. ಮಹಾವಿದ್ಯಾಪೀಠವನ್ನು ಸ್ಥಾಪಿಸಿದ ಮೇಲೆ, ಕಪಿಲೆಯ ಆಸುಪಾಸಿನ ಹಳ್ಳಿಗಳ ಎಷ್ಟೋ ಹುಡುಗರಿಗೆ ಅನ್ನ, ಅಕ್ಷರ, ವಸತಿಗಳ ಬಾಗಿಲು ತೆರೆಯಿತು. ನಾನು ಮಠದ ಸಂಸ್ಕೃತ ಪಾಠಶಾಲೆಯಲ್ಲಿ ಅಮರಕೋಶವನ್ನೂ ಶಬ್ದರೂಪಗಳನ್ನೂ ಕಲಿತೆ. ನನಗಿಂತ ಹದಿನಾಲ್ಕು ವರ್ಷ ಚಿಕ್ಕವನಾದ ತಮ್ಮ ಮೈಸೂರಿನ ವಿದ್ಯಾರ್ಥಿ ನಿಲಯದಲ್ಲಿದ್ದುಕೊಂಡು ಎಂಜಿನಿಯರಿಂಗ್ ಓದಿದ. ಮನೆತನದಲ್ಲಿ ಕುರ್ಚಿಯ ಮೇಲೆ ಕುಳಿತು ಸಂಬಳ ಪಡೆದ ಮೊದಲ ತಲೆಮಾರು ನಮ್ಮದು. ಆದುದರಿಂದ ಆ ಕುರ್ಚಿಗೆ ನಾವು ಪೂಜೆ ಮಾಡಿದೆವು. ಒಂದು ದಿನ ಅದು ತಪ್ಪಿಹೋಗಬಹುದೆಂದು ಯಾರೂ ಯೋಚಿಸಿರಲಿಲ್ಲ.

ಕೆಲವು ದಿನಗಳ ಅನಂತರ ತಮ್ಮ ಮತ್ತೊಂದು ವಿಷಯ ತಿಳಿಸಿದ: “ಬೆಂಗಳೂರಲ್ಲಿ ಒಬ್ಬರು ಕೆರಿಯರ್ ಕೋಚ್ ಇದ್ದಾರೆ ಅಣ್ಣ. ಎಂಟು ಸಲ ಕೂತು ಮಾತಾಡಬೇಕು. ದುಡ್ಡು ಕೊಡಬೇಕಾಗುತ್ತೆ.”

ಆ ಮೊತ್ತ ನನ್ನ ಎರಡು ತಿಂಗಳ ಪಿಂಚಣಿಗೆ ಸಮನಾಗಿತ್ತು. ಕೆಲಸವಿಲ್ಲದವನಿಂದಲೇ ಹಣ ಕಿತ್ತುಕೊಂಡು ಕೆಲಸ ಕೊಡಿಸುತ್ತೇವೆನ್ನುವವರು ಮೋಸಗಾರರಲ್ಲದೆ ಮತ್ತೇನು ಎಂದು ರೇಗಿದೆ. ಅವನು ಸಾವಧಾನದಿಂದ ಉತ್ತರಿಸಿದ: “ಕೆಲಸ ಕೊಡಿಸೋದಿಲ್ಲ ಅಣ್ಣ. ಅವರು ಮೊದಲು ಹೇಳಿದ ಮಾತೇ ಅದು.”

ಕೆಲಸ ಕೊಡಿಸದಿದ್ದರೆ ಹಣವೇತಕ್ಕೆ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾನೂ ಸ್ವಲ್ಪ ಓದಿದೆ. ಓದಿದುದನ್ನು ಇಲ್ಲಿ ಸಂಗ್ರಹವಾಗಿ ಹೇಳಿದರೆ ನನ್ನಂತೆಯೇ ಈ ವಿಷಯದಲ್ಲಿ ಅಜ್ಞರಾದ ಹಿರಿಯರಿಗೆ ಉಪಯೋಗವಾದೀತು.

ಅಮೆರಿಕದ ಬಾಸ್ಟನ್ ನಗರದಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬಾತ 1908ರಲ್ಲಿ ವೃತ್ತಿಯ ಬಗೆಗೆ ಸಲಹೆ ನೀಡುವ ಒಂದು ಕಚೇರಿಯನ್ನು ತೆರೆದ. ಅವನು ತೀರಿಕೊಂಡ ಮೇಲೆ, 1909ರಲ್ಲಿ ಅವನ ಗ್ರಂಥ ಪ್ರಕಟವಾಯಿತು. ಮನುಷ್ಯನು ಮೊದಲು ತನ್ನನ್ನು ಅರಿಯಬೇಕು, ಬಳಿಕ ಉದ್ಯೋಗಗಳ ಸ್ವರೂಪವನ್ನು ಅರಿಯಬೇಕು, ಕೊನೆಗೆ ಇವೆರಡರ ಸಂಬಂಧವನ್ನು ವಿವೇಚಿಸಬೇಕು ಎಂಬುದು ಅವನ ವಿಚಾರದ ಸಾರ. ಈ ಶಾಸ್ತ್ರದ ಆರಂಭವೂ ಸ್ವರೂಪಜ್ಞಾನದಿಂದಲೇ ಎಂಬುದನ್ನು ಕಂಡು ನನಗೆ ಅಚ್ಚರಿಯಾಯಿತು.

ಇನ್ನೊಬ್ಬನ ಕಥೆ ನನಗೆ ಮತ್ತಷ್ಟು ಹತ್ತಿರವೆನಿಸಿತು. ರಿಚರ್ಡ್ ಬೋಲ್ಸ್ ಎಂಬಾತ ಕ್ರೈಸ್ತ ಪಾದ್ರಿ. ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ಚರ್ಚೊಂದರಲ್ಲಿ ಹಣದ ಅಡಚಣೆಯುಂಟಾಗಿ 1968ರಲ್ಲಿ ಅವನು ಕೆಲಸ ಕಳೆದುಕೊಂಡ. ಮುಂದೆ ಬೇರೊಂದು ಕೆಲಸದಲ್ಲಿದ್ದಾಗ, ಕಾಲೇಜುಗಳಲ್ಲಿ ಸೇವೆ ಸಲ್ಲಿಸುತ್ತಿದ್ದ ಪಾದ್ರಿಗಳಿಗೂ ಅದೇ ಗತಿ ಬರುತ್ತಿರುವುದನ್ನು ಕಂಡು, ಅವರಿಗೆ ನೆರವಾಗಲೆಂದು 1970ರಲ್ಲಿ ತಾನೇ ಒಂದು ಕೈಪಿಡಿಯನ್ನು ಬರೆದು ಅಚ್ಚು ಹಾಕಿಸಿದ. ಅದು ಮುಂದೆ ಲೋಕಪ್ರಸಿದ್ಧವಾಯಿತು. 2017ರಲ್ಲಿ ತೀರಿಕೊಳ್ಳುವವರೆಗೂ ಅವನು ಉದ್ಯೋಗ ಅರಸುವವರಿಗಾಗಿಯೇ ದುಡಿದ. ಧರ್ಮೋಪದೇಶವನ್ನೇ ವೃತ್ತಿಯಾಗಿಸಿಕೊಂಡವನಿಗೂ ಕೆಲಸ ಹೋಗುತ್ತದೆ, ಅವನೂ ಎದ್ದು ನಿಲ್ಲಬೇಕಾಗುತ್ತದೆ ಎಂಬುದನ್ನು ಓದಿದ ಮೇಲೆ ನನ್ನ ಬಿಗುಮಾನ ಸ್ವಲ್ಪ ಸಡಿಲಿತು.

ಇಲ್ಲಿ ಒಂದು ಭೇದವನ್ನು ತಿಳಿದಿರುವುದು ಒಳಿತು. ದೊಡ್ಡ ಹುದ್ದೆಗಳಿಗೆ ಜನರನ್ನು ಹುಡುಕಿಕೊಡುವ ಸಂಸ್ಥೆಗಳು ಬೇರೆ, ವೃತ್ತಿ ಮಾರ್ಗದರ್ಶಕರು ಬೇರೆ. ಆ ಸಂಸ್ಥೆಗಳಿಗೆ ಹಣ ಕೊಡುವವರು ಕಂಪನಿಯವರು. ಆದುದರಿಂದ ಅವು ಕಂಪನಿಯ ಪರವಾಗಿ ದುಡಿಯುತ್ತವೆ. ನನ್ನ ತಮ್ಮ ಅಂತಹ ಹಲವರಿಗೆ ಫೋನು ಮಾಡಿ, ಅವರು ಮರಳಿ ಕರೆಯದಿದ್ದಾಗ ತನಗೆ ಅವಮಾನವಾಯಿತೆಂದು ಕೊರಗಿದ್ದ. ಅದು ಅವಮಾನವಲ್ಲ, ಅವರ ವ್ಯವಹಾರದ ರೀತಿಯೇ ಹಾಗೆ ಎಂದು ತಿಳಿಸಿದವರು ಈ ಮಾರ್ಗದರ್ಶಕರು. ಇವರಿಗೆ ಹಣ ಕೊಡುವವನು ಕೆಲಸ ಅರಸುವವನು. ಆದುದರಿಂದ ಇವರು ಅವನ ಪರ.

ನನ್ನ ತಮ್ಮನ ಮಾರ್ಗದರ್ಶಕರು ಐವತ್ತರ ಆಸುಪಾಸಿನ ಒಬ್ಬ ಮಹಿಳೆ. ಹಿಂದೆ ಕಾರ್ಖಾನೆಗಳ ಸಿಬ್ಬಂದಿ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿ, ನೂರಾರು ಮಂದಿಯನ್ನು ಸಂದರ್ಶಿಸಿದವರು. ಎಂಟು ಭೇಟಿಗಳು, ಇಷ್ಟು ಹಣ, ಕೆಲಸದ ಭರವಸೆಯಿಲ್ಲ, ಆಡಿದ ಮಾತು ಹೊರಗೆ ಹೋಗುವುದಿಲ್ಲ, ಬೇಡವೆನಿಸಿದರೆ ನಡುವೆ ನಿಲ್ಲಿಸಬಹುದು ಎಂಬ ಒಪ್ಪಂದವನ್ನು ಮೊದಲೇ ಬರೆದು ಕೊಟ್ಟಿದ್ದರು. ಮೊದಲನೆಯ ಭೇಟಿಯ ಕೊನೆಯಲ್ಲಿ ಅವರು ಎರಡು ಕೆಲಸಗಳನ್ನು ಹೇಳಿದರಂತೆ. ಒಂದು, ಮನೆಯಲ್ಲಿ ಇನ್ನೂ ವಿಷಯ ತಿಳಿಯದವರಿಗೆ ತಿಳಿಸುವುದು. ಎರಡು, ತನ್ನನ್ನು ಚೆನ್ನಾಗಿ ಬಲ್ಲ ಐವರಿಂದ ಒಂದೊಂದು ಪತ್ರ ಬರೆಸಿ ತರುವುದು: “ನಾನು ತುಂಬ ಚೆನ್ನಾಗಿ ಕೆಲಸ ಮಾಡಿದುದನ್ನು ನೀವು ಕಣ್ಣಾರೆ ಕಂಡದ್ದು ಯಾವಾಗ?”

ಮೊದಲನೆಯದೇ ಕಷ್ಟವೆಂದು ನಾವಿಬ್ಬರೂ ಭಾವಿಸಿದೆವು. ಅವ್ವನ ಮುಂದೆ ಕುಳಿತು ತಮ್ಮ ತಲೆ ತಗ್ಗಿಸಿ ವಿಷಯ ಹೇಳಿದ. ಅವರು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ಅವನನ್ನು ಬಿಟ್ಟು ನನ್ನ ಕಡೆ ತಿರುಗಿದರು:

“ನಿಮ್ಮಪ್ಪಂಗೆ ಮಳೆ ಕೈಕೊಟ್ಟು ರಾಗಿ ಒಣಗೋದಾಗ ನಾನೇನು ಊರ್ಗೆಲ್ಲ ಸುಳ್ಳೇಳಿದ್ನಾ? ಬೆಳೆ ಹೋಯ್ತು ಅಂದ್ವಿ. ನಾಲ್ಕು ಜನ ಬಂದು ಬಿತ್ತನೆ ಕಾಳು ಕೊಟ್ರು. ನೀನ್ಯಾಕೆ ರಜ ಅಂದೆ?”

ನಾನು ಉತ್ತರಿಸಲಾರದೆ ಹೋದೆ. ಬೆಳೆ ಹೋದುದನ್ನು ಯಾವ ರೈತನೂ ಮುಚ್ಚಿಡುವುದಿಲ್ಲ, ಅದರಲ್ಲಿ ಅವಮಾನವಿಲ್ಲವೆಂದು ಊರಿಗೇ ಗೊತ್ತು. ಮುಚ್ಚಿಟ್ಟರೆ ಬಿತ್ತನೆ ಕಾಳು ಹುಟ್ಟುವುದಿಲ್ಲವೆಂಬುದೂ ಗೊತ್ತು. ಓದು ಕಲಿತ ನಾವು ಆ ಸರಳ ವಿವೇಕವನ್ನು ಕಳೆದುಕೊಂಡೆವು.

ಎರಡನೆಯ ಕೆಲಸ ಸುಲಭವೆಂದುಕೊಂಡಿದ್ದೆ. ಐವರಲ್ಲಿ ನಾನೂ ಒಬ್ಬ. ಮೂರು ದಿನ ಕಾಗದದ ಮುಂದೆ ಕುಳಿತರೂ ನನ್ನ ಲೇಖನಿ ಮುಂದೆ ಸಾಗಲಿಲ್ಲ. ತಮ್ಮ ಯಾವ ವರ್ಷ ಯಾವ ಹುದ್ದೆಗೆ ಏರಿದ, ಯಾವಾಗ ಕಾರು ಕೊಂಡ, ಎಷ್ಟು ದೇಶಗಳನ್ನು ಸುತ್ತಿಬಂದ ಎಂಬುದೆಲ್ಲ ನನಗೆ ನಾಲಗೆಯ ತುದಿಯಲ್ಲಿತ್ತು. ಆದರೆ ಅವನು ಏನು ಕೆಲಸ ಮಾಡುತ್ತಾನೆ, ಅದನ್ನು ಹೇಗೆ ಮಾಡುತ್ತಾನೆ ಎಂಬುದು ಗೊತ್ತಿರಲಿಲ್ಲ. ಶರಣರ ಕಾಯಕತತ್ತ್ವದ ಮೇಲೆ ಭಾಷಣ ಮಾಡುತ್ತಿದ್ದ ನಾನು, ಒಡಹುಟ್ಟಿದವನ ಕಾಯಕವನ್ನು ಒಮ್ಮೆಯೂ ವಿಚಾರಿಸಿರಲಿಲ್ಲ.

ನಾಲ್ಕನೆಯ ದಿನ ಹಳೆಯದೊಂದು ಬೇಸಿಗೆ ನೆನಪಿಗೆ ಬಂತು. ಊರಿಗೆ ಕುಡಿಯುವ ನೀರೆತ್ತುವ ಮೋಟಾರು ಸುಟ್ಟುಹೋಗಿತ್ತು. ರಜೆಗೆ ಬಂದಿದ್ದ ತಮ್ಮ ಅದನ್ನು ಬಿಚ್ಚಿಸಿದ. ತಾನೇ ಸರಿಪಡಿಸಬಹುದಾಗಿತ್ತು. ಹಾಗೆ ಮಾಡದೆ, ಕೆಲಸವಿಲ್ಲದೆ ತಿರುಗುತ್ತಿದ್ದ ಇಬ್ಬರು ಹುಡುಗರನ್ನು ಕೂರಿಸಿಕೊಂಡು ತಂತಿ ಸುತ್ತುವುದನ್ನು ಎರಡು ದಿನ ಕಲಿಸಿದ. ಅವರು ತಪ್ಪಾಗಿ ಸುತ್ತಿದಾಗ ಬೈಯಲಿಲ್ಲ, ಎಲ್ಲಿ ತಪ್ಪಾಯಿತೆಂದು ಅವರಿಂದಲೇ ಹೇಳಿಸಿದ. ಆ ಹುಡುಗರಲ್ಲಿ ಒಬ್ಬ ಈಗ ವೈಂಡಿಂಗ್ ಅಂಗಡಿ ಇಟ್ಟುಕೊಂಡು ಸಂಸಾರ ಸಾಕುತ್ತಿದ್ದಾನೆ. ಅದನ್ನೇ ಬರೆದು ಕಳುಹಿಸಿದೆ.

ಉಳಿದ ನಾಲ್ಕು ಪತ್ರಗಳಲ್ಲಿಯೂ ಬೇರೆಬೇರೆ ಪ್ರಸಂಗಗಳ ಮೂಲಕ ಅದೇ ಗುಣ ಕಾಣಿಸಿಕೊಂಡಿತಂತೆ. ಪಾಳಿಯ ಮೇಸ್ತ್ರಿಯಾಗಿದ್ದ ಒಬ್ಬರು, ನನಗೆ ನಕ್ಷೆ ಓದುವುದನ್ನು ಕಲಿಸಿದವರು ಇವರು ಎಂದು ಬರೆದಿದ್ದರು. ಐದು ಪತ್ರಗಳನ್ನೂ ಮುಂದಿಟ್ಟು ಮಾರ್ಗದರ್ಶಕರು ಕೇಳಿದರಂತೆ: “ಜನರಲ್ ಮ್ಯಾನೇಜರ್ ಅನ್ನೋ ಮಾತು ಇದರಲ್ಲಿ ಎಲ್ಲಾದರೂ ಬಂದಿದೆಯಾ ಸರ್?” ಎಲ್ಲಿಯೂ ಬಂದಿರಲಿಲ್ಲ.

ಆಮೇಲಿನ ಭೇಟಿಗಳಲ್ಲಿ ಅವನ ಸ್ವಪರಿಚಯ ಪತ್ರವನ್ನು ತಿದ್ದಿದರು. ಮೊದಲು ಅದು ನಾಲ್ಕು ಪುಟಗಳ ಹುದ್ದೆಗಳ ಪಟ್ಟಿಯಾಗಿತ್ತು. ಈಗ ಎರಡು ಪುಟಕ್ಕೆ ಇಳಿಯಿತು. ಪ್ರತಿಯೊಂದು ಸಾಧನೆಯನ್ನೂ ಸನ್ನಿವೇಶವೇನು, ಹೊಣೆಯೇನು, ಮಾಡಿದುದೇನು, ಫಲವೇನು ಎಂಬ ಕ್ರಮದಲ್ಲಿ ಹೇಳಲು ಕಲಿಸಿದರು. “ಗುಣಮಟ್ಟದ ಹೊಣೆ ಹೊತ್ತಿದ್ದೆ” ಎಂಬ ವಾಕ್ಯ ಹೋಗಿ, ನೂರಕ್ಕೆ ಆರು ಬಿಡಿಭಾಗಗಳು ತಿರಸ್ಕೃತವಾಗುತ್ತಿದ್ದ ಕಡೆ, ಕಾರ್ಮಿಕರಿಗೆ ಯಂತ್ರದ ಬಳಿಯಲ್ಲಿಯೇ ತರಬೇತಿ ನೀಡಿ ಒಂದು ವರ್ಷದಲ್ಲಿ ಅದನ್ನು ಎರಡಕ್ಕೆ ಇಳಿಸಿದ ವಿವರ ಬಂದಿತು. ವೈಯಾಕರಣರು ಅರ್ಧ ಮಾತ್ರೆಯ ಉಳಿತಾಯಕ್ಕೂ ಹಿಗ್ಗುವವರು. ಸೂತ್ರಗಳನ್ನು ಓದಿ ಬೆಳೆದ ನನಗೆ ಈ ಅಡಕ ಬಹಳ ಹಿಡಿಸಿತು. ಹುಸಿನಕಲು ಸಂದರ್ಶನ ನಡೆಸಿ, “ಕೆಲಸ ಏಕೆ ಬಿಟ್ಟಿರಿ?” ಎಂಬ ಪ್ರಶ್ನೆಗೆ ಹಳೆಯ ಕಂಪನಿಯನ್ನು ದೂರದೆ, ಸುಳ್ಳೂ ಹೇಳದೆ ಎರಡು ವಾಕ್ಯಗಳಲ್ಲಿ ಉತ್ತರಿಸುವ ಅಭ್ಯಾಸ ಮಾಡಿಸಿದರು.

ಈ ನಡುವೆ ನಾನೊಂದು ತಪ್ಪು ಮಾಡಿದೆ. ತಮ್ಮನಿಗೆ ತಿಳಿಸದೆ ಅವರ ದೂರವಾಣಿ ಸಂಖ್ಯೆಯನ್ನು ಸಂಪಾದಿಸಿ, “ನಮ್ಮವನಿಗೆ ಕೆಲಸ ಸಿಕ್ಕೀತೇ ತಾಯಿ? ಅವನ ಮನಸ್ಸು ಹೇಗಿದೆ?” ಎಂದು ವಿಚಾರಿಸಿದೆ. ಅವರು ವಿನಯದಿಂದಲೇ ತಡೆದರು: “ಅವರು ಏನು ಹೇಳಿದರೆಂದು ನಾನು ಹೇಳುವ ಹಾಗಿಲ್ಲ ಗುರುಗಳೇ. ಅವರನ್ನೇ ಕೇಳಿ. ನೀವು ಕೇಳಲಿ ಅಂತ ಅವರೂ ಕಾಯುತ್ತಿರಬಹುದು.” ಗುಟ್ಟು ಕಾಯುವುದರಲ್ಲಿ ಅವರಿಗಿದ್ದ ನಿಷ್ಠೆಯನ್ನು ಕಂಡು ನನಗೆ ಗೌರವ ಹುಟ್ಟಿತು. ಅಂದಿನಿಂದ ವಾರಕ್ಕೊಮ್ಮೆ ತಮ್ಮನಿಗೆ ಫೋನು ಮಾಡಿ, ಕೆಲಸ ಸಿಕ್ಕಿತೇ ಎಂದು ಕೇಳುವುದನ್ನು ಬಿಟ್ಟು, ಈ ವಾರ ಏನು ಮಾಡಿದೆ ಎಂದು ಕೇಳಲು ಆರಂಭಿಸಿದೆ.

ಆಗಸ್ಟಿನಲ್ಲಿ ನಿಜವಾದ ಪರೀಕ್ಷೆ ಬಂದಿತು. ತಮ್ಮನ ಮಗಳಿಗೆ ಒಳ್ಳೆಯ ಕಡೆಯಿಂದ ಸಂಬಂಧ ಕೂಡಿಬಂದು, ಮಾತುಕತೆ ನಿಶ್ಚಿತಾರ್ಥದವರೆಗೆ ಹೋಗಿತ್ತು. ಅವರಿಗೆ ಹುಡುಗಿಯ ತಂದೆಯ ಹಳೆಯ ಹುದ್ದೆಯಷ್ಟೇ ಗೊತ್ತಿತ್ತು. ತಮ್ಮನ ಹೆಂಡತಿ ಕಣ್ಣೀರಿಟ್ಟಳು: “ನಿಶ್ಚಿತಾರ್ಥ ಆಗೋವರೆಗೂ ಸುಮ್ಮನಿರೋಣ ಭಾವ. ಆಮೇಲೆ ಹೇಳಿದರಾಯ್ತು.” ಹೆತ್ತ ತಾಯಿಯ ಆ ಸಂಕಟವನ್ನು ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ. ಆದರೆ ನನ್ನ ‘ರಜ’ದ ಮಾತು ನೆನಪಿನಲ್ಲಿತ್ತು. ಮಗಳನ್ನೇ ಕೇಳಿದೆವು. ಇಪ್ಪತ್ತನಾಲ್ಕು ವರ್ಷದ ಆ ಹುಡುಗಿ ಹೇಳಿದಳು: “ಹೇಳಿಬಿಡಿ ದೊಡ್ಡಪ್ಪ. ಅಪ್ಪ ಏನೂ ತಪ್ಪು ಮಾಡಿಲ್ಲವಲ್ಲ.”

ನಾನೇ ಹೋಗಿ ಹುಡುಗನ ತಂದೆಗೆ ವಿಷಯ ತಿಳಿಸಿದೆ. ಅವರು ಸಮಾಧಾನದಿಂದ ಕೇಳಿದರು, ಕಾಫಿ ಕೊಟ್ಟರು, ಬಸ್ಸಿನವರೆಗೆ ಬಂದು ಕಳುಹಿಸಿದರು. ಎರಡು ವಾರಗಳಾದ ಮೇಲೆ, ಹುಡುಗ ಸದ್ಯಕ್ಕೆ ಮದುವೆ ಬೇಡವೆನ್ನುತ್ತಿದ್ದಾನೆಂದು ಹೇಳಿಕಳುಹಿಸಿದರು. ಮನೆಯಲ್ಲಿ ಆ ದಿನ ಒಲೆ ಹಚ್ಚಲಿಲ್ಲ. ಅವರನ್ನು ದೂಷಿಸುವ ಅಧಿಕಾರ ನನಗಿಲ್ಲ. ಆ ಜಾಗದಲ್ಲಿ ನಾನಿದ್ದು, ಬಂದ ಸಂಬಂಧವನ್ನು ಹುದ್ದೆಯಿಂದಲೇ ಅಳೆದ ದಿನಗಳು ಎಷ್ಟೋ ಇವೆ. ಸತ್ಯ ಹೇಳಿದರೆ ಎಲ್ಲವೂ ಸುಖಾಂತವಾಗುತ್ತದೆಂಬ ಕಥೆಯನ್ನು ನಾನು ಇಲ್ಲಿ ಹೇಳಲಾರೆ. ಹೇಳಿದ ಮೇಲೆ ಆ ಮನೆಯಲ್ಲಿ ಯಾರೂ ಯಾರಿಗೂ ಹೆದರಿ ಮಾತನಾಡುವ ಅಗತ್ಯ ಉಳಿಯಲಿಲ್ಲವೆಂಬುದನ್ನು ಮಾತ್ರ ಹೇಳಬಲ್ಲೆ.

ಅಕ್ಟೋಬರಿನಲ್ಲಿ ಮತ್ತೊಂದು ಪೆಟ್ಟು ಬಿತ್ತು. ಒಂದು ಕಂಪನಿಯಲ್ಲಿ ನಾಲ್ಕು ಸುತ್ತಿನ ಸಂದರ್ಶನಗಳನ್ನು ದಾಟಿ, ಕೊನೆಯ ಇಬ್ಬರಲ್ಲಿ ಒಬ್ಬನಾಗಿ ನಿಂತು, ಆ ಕೆಲಸವೂ ಕೈತಪ್ಪಿತು. ಹುದ್ದೆ ದೊಡ್ಡದಾದಷ್ಟೂ ಅಂತಹ ಸ್ಥಾನಗಳು ಕಡಿಮೆ, ಆದುದರಿಂದ ತಿಂಗಳುಗಟ್ಟಲೆ ಹಿಡಿಯುವುದು ಸಹಜವೆಂದು ಅವನಿಗೆ ಗೊತ್ತಿದ್ದರೂ ಮನಸ್ಸು ಕುಸಿಯಿತು. ನಿದ್ರೆ ಹೋಯಿತು, ಊಟ ಬೇಡವಾಯಿತು. ಆಗ ಮಾರ್ಗದರ್ಶಕರು ತಮ್ಮ ಭೇಟಿಯನ್ನು ಮುಂದೂಡಿ, “ಇದು ನನ್ನ ಕೆಲಸವಲ್ಲ, ಮೊದಲು ವೈದ್ಯರನ್ನು ಕಾಣಿ” ಎಂದರಂತೆ. ತನ್ನ ವಿದ್ಯೆಯ ಎಲ್ಲೆಯನ್ನು ಬಲ್ಲವರು ಅವರು. ತಮ್ಮ ವೈದ್ಯರನ್ನು ಕಂಡ, ಚೇತರಿಸಿಕೊಂಡ. ಇಂತಹ ಹೊತ್ತಿಗೆಂದು ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿಯಿದೆ. ಅದರ ಸಂಖ್ಯೆ 14416. ಕನ್ನಡದಲ್ಲಿಯೂ ಮಾತನಾಡಬಹುದು. ಮನೆಯ ಗೋಡೆಯ ಮೇಲೆ ಬರೆದಿಟ್ಟುಕೊಂಡರೆ ತಪ್ಪಿಲ್ಲ.

ಆ ದಿನಗಳಲ್ಲಿ ನನಗೆ ಆಯ್ದಕ್ಕಿ ಲಕ್ಕಮ್ಮ ಬಾರಿಬಾರಿಗೂ ನೆನಪಾಗುತ್ತಿದ್ದಳು. ಗಂಡ ಮಾರಯ್ಯ ಅನುಭವಗೋಷ್ಠಿಯಲ್ಲಿ ಮೈಮರೆತು ಕಾಯಕವನ್ನು ಮರೆತಾಗ ಎಚ್ಚರಿಸಿದವಳು ಅವಳು. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಅವನು ಆಯ್ದು ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದವಳೂ ಅವಳೇ. ಅವಳು ಗಂಡನ ಬದಲು ತಾನೇ ಅಕ್ಕಿ ಆಯಲು ಹೋಗಲಿಲ್ಲ. ಅವನ ಕಾಯಕವನ್ನು ಅವನಿಗೆ ನೆನಪಿಸಿದಳು. ಒಳ್ಳೆಯ ಮಾರ್ಗದರ್ಶಕರು ಮಾಡುವುದೂ ಇದನ್ನೇ ಎಂದು ನನಗೆ ಅನಿಸಿತು. ನಮ್ಮ ಮನೆಗಳಲ್ಲಿ ಲಕ್ಕಮ್ಮನಂತೆ ಎಚ್ಚರಿಸಬಲ್ಲವರು ಇಲ್ಲದಾಗ, ಆ ಕೆಲಸವನ್ನು ಹಣ ಕೊಟ್ಟು ಮಾಡಿಸಿಕೊಳ್ಳಬೇಕಾಗುತ್ತದೆ.

ಕೊನೆಗೆ ಕೆಲಸ ಸಿಕ್ಕಿದ ಬಗೆಯೂ ಹೇಳತಕ್ಕದ್ದೇ. ಮಾರ್ಗದರ್ಶಕರು ತಮ್ಮನಿಗೆ ಒಂದು ನಿಯಮ ಹಾಕಿದ್ದರು: ವಾರಕ್ಕೆ ಐದು ಮಂದಿ ಹಳೆಯ ಪರಿಚಿತರೊಡನೆ ಮಾತನಾಡಬೇಕು, ಕೆಲಸ ಕೊಡಿಸಿ ಎಂದು ಕೇಳದೆ, ಅವರ ಉದ್ಯಮದ ಸ್ಥಿತಿಗತಿಯನ್ನು ವಿಚಾರಿಸಿ, ತನ್ನ ಸ್ಥಿತಿಯನ್ನು ನೇರವಾಗಿ ಹೇಳಬೇಕು. ಇದರ ಹಿಂದೆ ಒಂದು ಅಧ್ಯಯನವಿದೆ. ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ ಬಾಸ್ಟನ್ ಬಳಿಯ ನ್ಯೂಟನ್ ಎಂಬಲ್ಲಿ ಕೆಲಸ ಬದಲಿಸಿದ 282 ಮಂದಿಯನ್ನು ವಿಚಾರಿಸಿ, 1973 ಮತ್ತು 1974ರಲ್ಲಿ ತನ್ನ ಫಲಿತಾಂಶಗಳನ್ನು ಪ್ರಕಟಿಸಿದ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೆಲಸದ ಸುಳಿವು ಸಿಕ್ಕಿದ್ದು ಪರಿಚಿತರಿಂದ. ಹೀಗೆ ಸುಳಿವು ಕೊಟ್ಟವರು ಎಂತಹವರು ಎಂದು ನೋಡಿದಾಗ, ಪದೇಪದೇ ಭೇಟಿಯಾಗುವ ಆಪ್ತರು ನೂರಕ್ಕೆ ಸುಮಾರು 17 ಮಾತ್ರ. ಉಳಿದ 83 ಮಂದಿ ಯಾವಾಗಲೋ ಒಮ್ಮೆ ಸಿಗುವವರು. ಆಪ್ತರಿಗೆ ಗೊತ್ತಿರುವುದು ಬಹುಮಟ್ಟಿಗೆ ನಮಗೂ ಗೊತ್ತಿರುತ್ತದೆ. ದೂರದ ಪರಿಚಿತನು ಬೇರೊಂದು ಲೋಕದ ಸುದ್ದಿ ತರುತ್ತಾನೆ.

ಇದನ್ನು ಓದಿದಾಗ ನಮ್ಮ ಜಾತ್ರೆಗಳ ನೆನಪಾಯಿತು. ವರ್ಷಕ್ಕೊಮ್ಮೆ ಸಿಗುವವರು ಸೇರುವ ತಾಣವಲ್ಲವೇ ಅದು? 2024ರ ಫೆಬ್ರವರಿಯಲ್ಲಿ ಸುತ್ತೂರಿನ ಜಾತ್ರೆಗೆ ತಮ್ಮನನ್ನು ಕರೆದುಕೊಂಡು ಹೋದೆ. ಹಿಂದಿನ ವರ್ಷವಾಗಿದ್ದರೆ ಅವನು ಬರುತ್ತಿರಲಿಲ್ಲ. ದಾಸೋಹದ ಸಾಲಿನಲ್ಲಿ ವಿದ್ಯಾರ್ಥಿ ನಿಲಯದ ಹಳೆಯ ಗೆಳೆಯನೊಬ್ಬ ಸಿಕ್ಕಿದ. ಇಪ್ಪತ್ತು ವರ್ಷಗಳಿಂದ ಇಬ್ಬರೂ ಮುಖ ನೋಡಿರಲಿಲ್ಲ. “ಈಗೆಲ್ಲಿದ್ದೀಯ?” ಎಂದು ಅವನು ಕೇಳಿದಾಗ ತಮ್ಮ ತಡವರಿಸದೆ, “ಕೆಲಸ ಹೋಗಿದೆ ಕಣೋ, ಹುಡುಕ್ತಾ ಇದ್ದೀನಿ” ಎಂದ. ಆ ಗೆಳೆಯನ ಭಾವಮೈದುನ ಸರಕು ಪೂರೈಸುತ್ತಿದ್ದ ಮೈಸೂರು ಕಡೆಯ ಒಂದು ಮಧ್ಯಮ ಗಾತ್ರದ ಕಾರ್ಖಾನೆಗೆ, ಹೊಸ ಹುಡುಗರನ್ನು ತರಬೇತುಗೊಳಿಸಿ ಕೆಲಸ ತೆಗೆಯಬಲ್ಲ ಅನುಭವಿಯೊಬ್ಬ ಬೇಕಾಗಿದ್ದ. ಏಪ್ರಿಲಿನಲ್ಲಿ ತಮ್ಮ ಅಲ್ಲಿಗೆ ಸೇರಿದ. ಸಂಬಳ ಮೊದಲಿನದಕ್ಕಿಂತ ಮೂರನೆಯ ಒಂದು ಪಾಲು ಕಡಿಮೆ. ಬೆಂಗಳೂರಿನ ಮನೆಯ ಸಾಲದ ಕಂತು ಇನ್ನೂ ಭಾರವಾಗಿಯೇ ಇದೆ. ಆದರೆ ಐಟಿಐ ಮುಗಿಸಿ ಬಂದ ಹಳ್ಳಿಯ ಹುಡುಗರಿಗೆ ಯಂತ್ರದ ಬಳಿ ನಿಂತು ಕೆಲಸ ಹೇಳಿಕೊಡುವಾಗ ಅವನಿಗೆ ಹೊತ್ತು ಹೋದುದೇ ತಿಳಿಯುವುದಿಲ್ಲವಂತೆ.

ಹಾಗೆಂದು ಮಾರ್ಗದರ್ಶಕರೆಲ್ಲರೂ ಒಳ್ಳೆಯವರೆಂದು ನಂಬಿಬಿಡಬಾರದು. ವೈದ್ಯರಿಗೆ, ವಕೀಲರಿಗೆ ಇರುವಂತಹ ಪರವಾನಗಿಯ ಕಟ್ಟುಪಾಡು ನಮ್ಮ ದೇಶದಲ್ಲಿ ಈ ವೃತ್ತಿಗೆ ಇಲ್ಲ, ಯಾರು ಬೇಕಾದರೂ ಫಲಕ ತೂಗುಹಾಕಬಹುದು. ಕೆಲಸ ಖಚಿತವೆಂದು ಹೇಳಿ ಮುಂಗಡ ಹಣ ಕೇಳುವವರಿಂದ ದೂರವಿರಬೇಕು. ಎಷ್ಟು ಭೇಟಿ, ಎಷ್ಟು ಹಣ, ನಡುವೆ ನಿಲ್ಲಿಸಿದರೆ ಏನು ಎಂಬುದನ್ನು ಬರಹದಲ್ಲಿ ಪಡೆಯಬೇಕು. ಅವರ ಹಿಂದಿನ ಅನುಭವವೇನೆಂದು ಕೇಳಬೇಕು, ಒಂದು ಭೇಟಿ ಮುಗಿದ ಮೇಲೆ ಮುಂದುವರಿಸುವ ನಿರ್ಧಾರ ಮಾಡಬೇಕು. ಇವರನ್ನು ಗುರುವಿನ ಸ್ಥಾನದಲ್ಲಿ ಕೂರಿಸುವುದೂ ಸಲ್ಲದು. ಗುರುವಿನ ಸಂಬಂಧ ಜೀವಮಾನದ್ದು, ಇದು ಎಂಟು ಭೇಟಿಗಳದು. ಕೆಲಸ ಮುಗಿದ ಮೇಲೆ ಕೈಮುಗಿದು ಬೀಳ್ಕೊಡತಕ್ಕದ್ದು.

ಬಸವಣ್ಣನವರು ಬಿಜ್ಜಳನ ಆಸ್ಥಾನದಲ್ಲಿ ಭಂಡಾರಿಯಾಗಿದ್ದರು. ಅಧಿಕಾರದಲ್ಲಿ ಅದು ಚಿಕ್ಕ ಸ್ಥಾನವಲ್ಲ. ಕೊನೆಗೆ ಅದೆಲ್ಲವನ್ನೂ ತೊರೆದು ಕಲ್ಯಾಣದಿಂದ ಕೂಡಲಸಂಗಮಕ್ಕೆ ನಡೆದರು. ಬಿಜ್ಜಳನು ಕೊಟ್ಟ ಭಂಡಾರ ಅಲ್ಲಿಯೇ ಉಳಿಯಿತು, ಜನರು ಕೊಟ್ಟ ಭಕ್ತಿಭಂಡಾರಿಯೆಂಬ ಹೆಸರು ಇಂದಿಗೂ ಅವರೊಡನಿದೆ. ಅಷ್ಟು ದೂರ ಹೋಗುವುದೂ ಬೇಡ. 1934ರಲ್ಲಿ ಗಾಂಧೀಜಿ ನಮ್ಮೂರಿಗೆ ಬಂದು ಹೋದರು. ಇಲ್ಲಿ ಖಾದಿಯ ಕೆಲಸಕ್ಕೆ ಜೀವ ತೇಯ್ದ ಸ್ವಾತಂತ್ರ್ಯ ಹೋರಾಟಗಾರರನ್ನು ನಾಡು ಇಂದಿಗೂ ತಗಡೂರು ರಾಮಚಂದ್ರರಾಯರೆಂದೇ ಕರೆಯುತ್ತದೆ. ಆ ಹೆಸರಿನ ಮುಂದೆ ಇರುವುದು ಊರು, ಹುದ್ದೆಯಲ್ಲ. ದಿನವೂ ಆ ಹೆಸರನ್ನು ಕೇಳುತ್ತ ಬೆಳೆದ ನನಗೆ ಇದರ ಅರ್ಥ ತಿಳಿಯಲು ಅರವತ್ತಾರು ವರ್ಷ ಬೇಕಾಯಿತು.

ನಮ್ಮ ಎಷ್ಟೋ ಮನೆಗಳಲ್ಲಿ ಇಂದು ಯಾರೋ ಒಬ್ಬರು ಬೆಳಿಗ್ಗೆ ಎದ್ದು, ಇಲ್ಲದ ಕಚೇರಿಗೆ ಹೊರಟವರಂತೆ ಶರ್ಟು ತೊಟ್ಟು ಹೊರಗೆ ಹೋಗುತ್ತಿರಬಹುದು. ಅಂತಹವರನ್ನು ಕಂಡರೆ ಕೆಲಸದ ಸುದ್ದಿ ಕೇಳಬೇಡಿ, ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿ. ಅವರು ಹೇಳಿದಾಗ ನಾಚಿಕೆಪಡದೆ ಕೇಳಿಸಿಕೊಳ್ಳಿ. ತಮ್ಮನ ಮಗಳ ಮದುವೆಗೆ ಮತ್ತೆ ಮಾತುಕತೆ ನಡೆಯುತ್ತಿದೆ. ಈ ಸಲದ ಲಗ್ನಪತ್ರಿಕೆಯಲ್ಲಿ ಯಾರ ಹೆಸರಿನ ಮುಂದೆಯೂ ಹುದ್ದೆಯನ್ನು ಅಚ್ಚು ಹಾಕಿಸಬಾರದೆಂದು ಹೇಳಿದ್ದೇನೆ. ಅವ್ವ ಕೇಳಿ, “ಹೆಸ್ರು, ಊರು ಇದ್ರೆ ಸಾಲ್ದಾ?” ಎಂದರು. ಸಾಲುತ್ತದೆ ಎಂದೆ.